ಹಾಲಿನ ಪಾತ್ರೆಯ ಮೇಲಿದ್ದ ಮುಚ್ಚಳ

ಈ ವೃತ್ತಾಂತವನ್ನು ಮೊದಲು ಹೇಳಿದವರು ಮುಳುಗಪ್ಪನ ಅತ್ತಿಗೆ. ಹೇಳಿದ್ದು ಅದು ನಡೆದ ಬೆಳಗಿನಲ್ಲೇ, ಲಾಂಚ್ ಕಟ್ಟೆಯ ಕೊಠಡಿಯಲ್ಲಿ, ಟಿಕೆಟ್ಟು ಹಿಡಿದು ಕುಳಿತಿದ್ದ ನಮ್ಮೆಲ್ಲರೆದುರು. ಅವರ ಅಂಗೈಯಲ್ಲಿ ಹಗ್ಗದ ಬರೆ ಇನ್ನೂ ಕೆಂಪಗಿತ್ತು. ಆಮೇಲೆ ಮುಳುಗಪ್ಪನನ್ನೂ ವಿಚಾರಿಸಿದೆ. ಇಬ್ಬರ ಮಾತೂ ತಾಳೆಯಾದುದರಿಂದ ಕೇಳಿದಂತೆಯೇ ಬರೆಯುತ್ತಿದ್ದೇನೆ.

ನಸುಕಿನಲ್ಲಿ ಮುಳುಗಪ್ಪ ಏಣಿಯಿಂದ ನೀರಿಗಿಳಿಯುತ್ತಾನೆ. ಲಾಂಚಿನ ತಳದ ಫೋಟೋ ತೆಗೆಯುವುದು ಅವನ ಕಾಯಕ; ಆ ಫೋಟೋ ನೋಡಿಯೇ ಜನರನ್ನು ಹತ್ತಿಸುವುದು. ಅವನ ಸೊಂಟದ ಹಗ್ಗ ಅತ್ತಿಗೆಯ ಕೈಯಲ್ಲಿ. ಲಾಂಚ್ ನಡೆಸುವವನು ಅವರ ಗಂಡ, ಮುಳುಗಪ್ಪನ ಅಣ್ಣ. ಕೆಲ ದಿನಗಳಿಂದ ಲಾಂಚಿನೊಳಗೆ ನೀರು ಒಸರುತ್ತಿದೆ; ಎಲ್ಲಿಂದ ಎಂಬುದು ಯಾರಿಗೂ ತಿಳಿಯದು.

"ನೀರು ಮೊದಲು ನುಂಗೋದು ಕೆಂಪನ್ನ," ಎನ್ನುತ್ತಾನೆ ಮುಳುಗಪ್ಪ. "ಕೆಳಗೆ ತುಕ್ಕೂ ಒಂದೇ, ಪಾಚಿನೂ ಒಂದೇ. ಅಲ್ಲೇ ಒಂದು ಬಿಳಿ ವಸ್ತು ತೋರಿಸಿ, 'ಇದಪ್ಪಾ ಬಿಳಿ' ಅಂತ ಕ್ಯಾಮೆರಾಗೆ ಹೇಳಿಕೊಡಬೇಕು. ಮಿಕ್ಕ ಬಣ್ಣ ಅದೇ ಸರಿ ಮಾಡ್ಕೊಳ್ಳತ್ತೆ. ವೈಟ್ ಬ್ಯಾಲೆನ್ಸ್ ಅಂದ್ರೆ ಇಷ್ಟೇ." ಅವನ ಬಿಳಿ ವಸ್ತು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಪ್ಲಾಸ್ಟಿಕ್ ಮುಚ್ಚಳ.

ಕಚೇರಿ ಕೊಟ್ಟ ದೊಡ್ಡ ಕ್ಯಾಮೆರಾವನ್ನು ಅವನು ಕಪಾಟಿನಲ್ಲೇ ಇಟ್ಟಿದ್ದಾನೆ. "ಫೋಟೋ ಚೆಂದ ಬರತ್ತೆ, ನಿಜ. ಆದ್ರೆ ದಪ್ಪ ಕೈಗವಸು ಹಾಕ್ಕೊಂಡು, ಲಾಂಚಿಗೂ ಕಟ್ಟೆ ಗೋಡೆಗೂ ಮಧ್ಯ ಸಿಕ್ಕಿಕೊಂಡು, ಅಷ್ಟು ಗುಂಡಿ ಯಾರು ಒತ್ತೋದು? ನನ್ನ ಈ ಚಿಕ್ಕ ಕ್ಯಾಮೆರಾಗೆ ಒಂದೇ ಗುಂಡಿ. ಮೂಗು ತಗಲೋಷ್ಟು ಹತ್ತಿರದಿಂದಲೂ ತೆಗೆಯತ್ತೆ. ಕದಡಿದ ನೀರಲ್ಲಿ ದೂರದಿಂದ ತೆಗೆದ್ರೆ ಬರೋದು ಬರೀ ನೀರಿನ ಫೋಟೋ."

ಅಂದು ಮುಚ್ಚಳ ಮನೆಯಲ್ಲಿ ಹಾಲಿನ ಪಾತ್ರೆಯ ಮೇಲಿದೆ. ಮಣಿಕಟ್ಟು ಬರಿದಾಗಿರುವುದು ಅವನಿಗೆ ತಿಳಿಯುವುದು ಕೆಳಗೆ ಹೋದ ಮೇಲೆ. ತಳಕ್ಕೆ ಬಳಿದ ಬಿಳಿ ಬಣ್ಣವೇ ಸಾಕೆಂದು ಕ್ಯಾಮೆರಾಕ್ಕೆ ಅದನ್ನೇ ತೋರಿಸುತ್ತಾನೆ.

ಮೇಲೆ ಬಂದು ನೋಡಿದರೆ ಫೋಟೋದಲ್ಲಿ ತಳ ಬೆಣ್ಣೆಯಂತಿದೆ. "ಆಯ್ತಲ್ಲೋ! ಜನಾನ ಹತ್ತಿಸ್ತೀನಿ," ಎಂದು ಅಣ್ಣ ಎಂಜಿನ್ ಚಾಲೂ ಮಾಡುತ್ತಾನೆ. ಅತ್ತಿಗೆಯ ಕಣ್ಣು ಮಾತ್ರ ಫೋಟೋದ ಅಂಚಿನಲ್ಲಿದೆ.

"ಇದೇನಪ್ಪಾ, ನಿನ್ನ ಮಣಿಕಟ್ಟು ನೀಲಿಗಟ್ಟಿದೆ? ಚಳಿ ಹಿಡೀತಾ?"

"ಇಲ್ವಲ್ಲ ಅತ್ತಿಗೆ..." ಅವನು ಕೈಯನ್ನೊಮ್ಮೆ, ಫೋಟೋವನ್ನೊಮ್ಮೆ ನೋಡುತ್ತಾನೆ. "ಅಯ್ಯೋ! ಅಣ್ಣಾ, ನಿಲ್ಸು! ನಾನು ತೋರಿಸಿದ ಬಿಳೀನೇ ಬಿಳಿಯಲ್ಲ!"

ಬಳಿದ ಬಣ್ಣಕ್ಕೆ ತುಕ್ಕು ಹತ್ತಿದ್ದರೆ, ಆ ಕೆಂಪನ್ನೇ ಬಿಳಿಯೆಂದು ನಂಬಿದ ಕ್ಯಾಮೆರಾ ತುಕ್ಕನ್ನು ಅಳಿಸಿ ಕೈಯನ್ನು ನೀಲಿಯಾಗಿಸಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

"ಜನ ಕಾಯ್ತಿದಾರೆ ಕಣೋ. ನಿಂದೊಳ್ಳೆ ಪಂಚಾಯ್ತಿ!" ಎಂದು ಅಣ್ಣ ಗೊಣಗುತ್ತಾನೆ.

"ರೀ, ಎಂಜಿನ್ ಆರಿಸಿ ಬೀಗದಕೈ ಇಲ್ಲಿ ಕೊಡಿ. ಅವನು ಮತ್ತೆ ಇಳೀತಾನೆ," ಎಂದು ಕೈಚಾಚಿದ ಅತ್ತಿಗೆ, ಟೀ ಅಂಗಡಿಯಿಂದ ಬಿಳಿ ಸಾಸರೊಂದನ್ನು ತಂದು ಮೈದುನನಿಗೆ ಕೊಡುತ್ತಾರೆ.

ಅವನು ಮುಳುಗುತ್ತಾನೆ. ಹಗ್ಗ ಸರಸರ ಹೋಗಿ, ನಿಂತು, ಸಡಿಲವಾಗುತ್ತದೆ. "ಎಳೆದ್ರೆ ಕೆಲಸ ಕೆಡತ್ತೆ. ಎಳೀದೆ ಅವನಿಗೇನಾದ್ರೂ ಆದ್ರೆ? ಗುಳ್ಳೆ ಬರ್ತಿದೆಯಾ ಅಂತ ನೀರನ್ನೇ ನೋಡ್ತಾ ನಿಂತೆ," ಎನ್ನುವಾಗಲೂ ಅತ್ತಿಗೆಯ ಬೆರಳುಗಳು ಸೆರಗನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತವೆ. ಕೊನೆಗೊಮ್ಮೆ ಅವನು ಕೆಳಗಿನಿಂದ ಹಗ್ಗ ಜಗ್ಗುತ್ತಾನೆ.

ಈ ಸಲ ಫೋಟೋದಲ್ಲಿ ಮಣಿಕಟ್ಟು ಮಣಿಕಟ್ಟಿನ ಬಣ್ಣದಲ್ಲೇ ಇದೆ. ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಅದರಿಂದ ಇಳಿದ ಕೆಂಪು ತಳದ ತುಂಬ ಹರಡಿದೆ. ಅಣ್ಣ ಫೋಟೋದ ಆ ಬಿರುಕಿನ ಮೇಲೆ ಬೆರಳಾಡಿಸುತ್ತಾನೆ. ಆಮೇಲೆ, "ಸಾಸರ್ ಒಡೀಲಿಲ್ಲ ತಾನೇ?" ಎನ್ನುತ್ತಾನೆ.

ಕೆಲಸಕ್ಕೆ ಏನಾದರೂ ಬೇಕೇ ಎಂದು ನಾನು ಆಮೇಲೆ ಕೇಳಿದಾಗ ಮುಳುಗಪ್ಪ ನಕ್ಕ. "ಹಾಲಿಗೆ ಬೇರೆ ಮುಚ್ಚಳ ತರಬೇಕು."

ಆ ಬೆಳಗ್ಗೆ ಕೊಠಡಿಯಲ್ಲಿ ಅತ್ತಿಗೆ ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, "ಇವತ್ತು ಲಾಂಚ್ ಇಲ್ಲ," ಎಂದು ಮಾತು ಮುಗಿಸಿದರು. ಟಿಕೆಟ್ಟು ಮಡಿಸಿ ಜೇಬಿಗಿಟ್ಟುಕೊಂಡು ಒಬ್ಬೊಬ್ಬರಾಗಿ ಎದ್ದೆವು. ಹೊರಗೆ ಏಣಿಯ ಬಳಿ ಒಬ್ಬಾತ ಒದ್ದೆ ಮೈಯಲ್ಲೇ ಕ್ಯಾಮೆರಾ ತೊಳೆಯುತ್ತಿದ್ದ. ಇಷ್ಟು ವರ್ಷ ಲಾಂಚ್ ಹತ್ತಿದವರು ಅಂದೇ ಮೊದಲು ಅವನ ಮುಖ ನೋಡಿ, ಮನೆಗೆ ನಡೆದೆವು.