ಎರಡು ಲೋಟಗಳಲ್ಲಿ ಒಂದೇ ಬಿಯರ್

ಶೇಖರ, ಅಂದು ನಾನು ಕೊಟ್ಟ ತೀರ್ಪು ಸುಳ್ಳು. ಸುಳ್ಳೆಂದು ಅಂದೇ ತಿಳಿಯಿತು—ತಿಳಿದೂ ಏಳು ವರ್ಷ ಬಾಯಿ ತೆರೆಯಲಿಲ್ಲ.

ಈ ಕುವೈತಿನ ಕಾನೂನು ನಿಷೇಧಿಸಿದ್ದನ್ನು, ಜಪಮಾಲೆ ಹಿಡಿಯುವ ಕೈಯಲ್ಲೇ ಎತ್ತಿ ಕುಡಿದದ್ದು ಒಂದು ಅಪರಾಧ. ಅದನ್ನು ಪಾದ್ರಿಗಳ ಮುಂದೆ ನಿವೇದಿಸಿದ್ದೇನೆ. ಇದನ್ನು ಮಾತ್ರ ನಿನ್ನ ಮುಂದೆಯೇ ಹೇಳಬೇಕು.

ಊರಿನವರು ಹನ್ನೆರಡು ಜನ, ಬಾಗಿಲು ಹಾಕಿದ ಫ್ಲಾಟು, ಮನೆಯಲ್ಲೇ ಮಾಡಿದ ಬಿಯರಿನ ಗುಟ್ಟಿನ ಸ್ಪರ್ಧೆ. ಹಳಗನ್ನಡ ಕಲಿಸಿದ ಮಾಸ್ಟ್ರು, ರಸಜ್ಞರು—ಎಂದು ನನ್ನನ್ನು ತೀರ್ಪಿಗೆ ಕೂರಿಸಿದರು. ಆ ಹೊಗಳಿಕೆ ಹಿತವಾಗಿತ್ತು. ಐದು ಲೋಟ, ಹೆಸರಿಲ್ಲ, ಬರೀ ಸಂಖ್ಯೆ. ಎರಡನೆಯದಕ್ಕೆ ಹತ್ತರಲ್ಲಿ ಮೂರು ಅಂಕ ಬರೆದೆ. ಬರೆದು ಸುಮ್ಮನಿರಬಹುದಿತ್ತು. "ಇದರಲ್ಲಿ ಏನೋ ಬೆರೆತಿದೆ" ಎಂದುಬಿಟ್ಟೆ. ಐದನೆಯದಕ್ಕೆ ಒಂಬತ್ತು. "ಇದು ನಿರ್ಮಲ" ಎಂದೆ.

ಎರಡನೆಯದು ನಿನ್ನದು, ಐದನೆಯದು ಚಾರ್ಲಿಯದು ಎಂದು ಸಾರಿದರು. ನೀನು ನಕ್ಕೆ: "ಎಂತ ಮಾಸ್ಟ್ರೇ, ಶುವೈಖಿನ ಗ್ಯಾರೇಜಿನವ ಅಂತ ಗ್ರೀಸಿನ ವಾಸನೆ ಬಂತಾ?"

"ಖಲಾಸ್ ಶೇಖರಣ್ಣ, ಇನ್ನು ಅದನ್ನು ಇಂಜಿನ್ನಿಗೇ ಹಾಕಿ!" ಎಂದ ಚಾರ್ಲಿ. ನಾನೂ ನಕ್ಕೆ.

ಲೋಟ ಇಡಲು ಅಡುಗೆಮನೆಗೆ ಹೋದಾಗ ಕಂಡಿತು. ಒಂದೇ ಬಗೆಯ ಐದು ನೀರಿನ ಬಾಟಲಿ, ಹೆಸರಿನ ಚೀಟಿ ತಳದಲ್ಲಿ; ಎತ್ತಿ ನೋಡಿದೆ. ಚಾರ್ಲಿಯದರ ಮುಚ್ಚಳವನ್ನೇ ಯಾರೂ ತೆರೆದಿರಲಿಲ್ಲ. ನಿನ್ನದು ಎರಡು ಲೋಟದಷ್ಟು ಇಳಿದಿತ್ತು. ಸುರಿದವರು ನಿನ್ನದನ್ನೇ ಎರಡು ಸಲ ಸುರಿದಿದ್ದರು. ಮೂರೂ ನಿನಗೇ, ಒಂಬತ್ತೂ ನಿನಗೇ. ಎರಡನೆಯದಕ್ಕೆ ಮೊದಲು ಸೀಗಡಿ ಚಟ್ನಿ ತಿಂದಿದ್ದೆನೋ, ಐದನೆಯ ಹೊತ್ತಿಗೆ ತಲೆ ಹಗುರಾಗಿತ್ತೋ—ಬೇಡ, ಕಾರಣ ಹುಡುಕುವುದೂ ನುಣುಚಿಕೊಳ್ಳುವುದೇ. ನನ್ನ ನಾಲಗೆಯ ಮಾನ ಉಳಿಯಲೆಂದು ಬಾಟಲಿಗಳನ್ನು ಹಿಂದಕ್ಕೆ ಸರಿಸಿ ಹೊರಬಂದೆ.

ಕಳ್ಳಮದ್ಯ ಕುಡಿದು ಕಣ್ಣು ಕಳೆದುಕೊಂಡವರ ಸುದ್ದಿಗೆ ಬೆದರುವ ಜನ ನಾವು. "ಬೆರೆತಿದೆ" ಎಂಬ ಮಾತು ಹಬ್ಬಿತು. ಶುಕ್ರವಾರದ ಕೂಟಕ್ಕೆ ನೀನು ಮಾಡಿ ತಂದ ಕೋಳಿ ಸಾರನ್ನೂ ಯಾರೂ ಮುಟ್ಟಲಿಲ್ಲ. ರೂಮಿನವರು ಹೊರಗೆ ಹಾಕಿದರು; ನೀನು ಸಬ್ಹಾನಿನ ಕೂಲಿಕಾರರ ಕ್ಯಾಂಪು ಸೇರಿದೆ. ಅಲ್ಲಿಂದ ಒಮ್ಮೆ ಫೋನ್ ಮಾಡಿದೆ.

"ಮಾಸ್ಟ್ರೇ, ದೇವರಾಣೆ ನಾನೆಂತದೂ ಬೆರೆಸ್ಲಿಲ್ಲ. ನೀವೊಂದು ಮಾತು ಹೇಳಿದ್ರೆ ಅವರು ನಂಬ್ತಾರೆ."

"ನೋಡುವಾ" ಎಂದೆ. ಆಮೇಲೆ ನಿನ್ನ ಕರೆ ಎತ್ತಲೇ ಇಲ್ಲ.

ಈಗ ನೀನು ಕುವೈತ್ ಬಿಟ್ಟೇ ಹೋಗುತ್ತೀಯಂತೆ—ಆ ಕಳಂಕವನ್ನು ಹೊತ್ತುಕೊಂಡೇ. ದೇವರು ಮನ್ನಿಸಿದರೂ ನಿನ್ನ ಹೆಸರು ಹಾಗೇ ಉಳಿಯುತ್ತದಲ್ಲ—

ಬರುವ ಶುಕ್ರವಾರ ಕೂಟದಲ್ಲಿ ಎಲ್ಲರ ಮುಂದೆ ನಿಂತು ಈ ಪತ್ರವನ್ನೇ ಓದುತ್ತೇನೆ. ನೀನು ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾಸ್ಟ್ರೇ ಎಂದು ಅವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ನನ್ನ ನಾಲಗೆಯ ಮಾನ ಉಳಿಯಲೆಂದು" ಎನ್ನುತ್ತೇನೆ.