ಹಲಗೆ ಚಕ್ರದ ಚೀಜು

ಮೇಲಿನ ಷಡ್ಜಕ್ಕೆ ಏರುವ ಮೊದಲು ಮಾಸ್ತರರ ಗಂಟಲಮಣಿ ಏರುತ್ತಿತ್ತು. ಸ್ವರ ಆಮೇಲೆ ಬರುತ್ತಿತ್ತು. ಎಡಹುಬ್ಬೂ ಏರುತ್ತಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಹುಬ್ಬನ್ನು ನನ್ನ ನೆನಪು ಸೇರಿಸಿದ್ದಿರಬೇಕು.

ಅರವತ್ತರ ದಶಕದ ಹೊನ್ನಾವರದಲ್ಲಿ ಅವರು ಮನೆಯ ಜಗಲಿಯ ಮೇಲೆ ನನ್ನಂಥ ಹುಡುಗರಿಗೆ ಹಿಂದುಸ್ತಾನಿ ಗಾಯನ ಕಲಿಸುತ್ತಿದ್ದರು. ಪಾಠವೇ ಅವರ ಅನ್ನ. ಪರದೇಶದಲ್ಲಿ ಕೋಣೆಯಷ್ಟು ದೊಡ್ಡ ಲೆಕ್ಕದ ಯಂತ್ರವೊಂದು ತಾನೇ ಸಂಗೀತ ಕಟ್ಟುತ್ತದಂತೆ ಎಂದು ಮುಂಬಯಿಯಿಂದ ಬಂದ ಅವರ ಭಾವ ಹೇಳಿದ್ದೇ ತಡ, ಮಾಸ್ತರರು ಹಲಸಿನ ಹಲಗೆಯಲ್ಲಿ ಚಕ್ರ ಕೊಯ್ಯಿಸಿ, ಅಂಚಿಗೆ ಸ್ವರಗಳನ್ನು ಬರೆದು, ನಡುವೆ ಮೊಳೆ ಹೊಡೆದರು. ತಿರುಗಿಸಬೇಕು, ನಿಂತಲ್ಲಿ ಬಂದ ಸ್ವರ ಬರೆದುಕೊಳ್ಳಬೇಕು, ರಾಗಕ್ಕೆ ಸೇರದ್ದಾದರೆ ಮತ್ತೆ ತಿರುಗಿಸಬೇಕು.

"ಎಂತದು ಇದು, ಜುಗಾರಿ ಆಡೂಕೆ ಕೂತ್ರಾ?" ಎಂದು ಅವರ ಹೆಂಡತಿ ನಕ್ಕರು.

"ಜುಗಾರೀಲಿ ಸೋಲೂದು ನಾನು. ಇದ್ರಲ್ಲಿ ಸೋತ್ರೆ ಚಕ್ರ."

ಹೀಗೆ ಭೀಮಪಲಾಸ ರಾಗದಲ್ಲಿ ಒಂದು ಚೀಜು, ಅಂದರೆ ಹಾಡಲು ಕಟ್ಟಿದ ರಚನೆ, ಹುಟ್ಟಿತು. ಎಲ್ಲರೂ ಷಡ್ಜಕ್ಕೆ ಬಂದು ವಿಶ್ರಮಿಸುವ ಕಡೆ ಅದು ಒಂದು ಮೆಟ್ಟಿಲು ಕೆಳಗಿನ ನಿಷಾದದಲ್ಲೇ ನಿಂತುಬಿಡುತ್ತಿತ್ತು, ಹೊಸ್ತಿಲು ದಾಟಲು ಒಲ್ಲದವರಂತೆ. ಆದರೆ ಆ ನಿಷಾದ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಚಕ್ರ ಷಡ್ಜದತ್ತ ತೆವಳುತ್ತಿತ್ತು. ಮಾಸ್ತರರ ಹೆಬ್ಬೆರಳು ಅಂಚಿಗೆ ತಾಗಿತೆಂದು ನನ್ನ ಗುಮಾನಿ.

"ಬೆರಳು ತಾಗ್ತು ಮಾಸ್ತರೇ."

"ಗಾಳಿ ತಾಗ್ತು," ಎಂದರು.

ಕುಮಟೆಯ ವರ್ತಕರೊಬ್ಬರ ಮಾಳಿಗೆಯಲ್ಲಿ, ಮಧ್ಯಾಹ್ನದ ಬೈಠಕ್ಕಿನಲ್ಲಿ, ಅದನ್ನು ಹಾಡಿದರು. ಹಿರಿಯ ಗಾಯಕರೊಬ್ಬರು ತೊಡೆ ತಟ್ಟಿ, "ವಾಹ್! ಯಾರ ಚೀಜು ಮಾಸ್ತರೇ?" ಎಂದರು. ಕಲಿಸಿದ ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದು ಹಾಡುವವರ ವಾಡಿಕೆ. ಮಾಸ್ತರರ ಕೈ ತಾನಾಗಿ ಕಿವಿಗೆ ಹೋಯಿತು. ಬಾಯಿಂದ ಬಂದದ್ದು: "ಹಲಗೆ ಚಕ್ರದ್ದು."

ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. "ಹಲಗೆಗೆ ಕಿವಿ ಮುಟ್ಟೂದೆ? ಗುರುಗಳ್ನ ಎಲ್ಲಿ ಇಟ್ಟೆ ನೀನು?" ಎಂದು ಹಿರಿಯರು ಎದ್ದು ನಡೆದರು.

ಸುದ್ದಿ ಹೊನ್ನಾವರಕ್ಕೆ ನಮಗಿಂತ ಮೊದಲೇ ಮುಟ್ಟಿತ್ತು. ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳ ಪಾಠ ಬಿಡಿಸಿದರು. "ತಿರುಗ್ಸೂದೇ ಆದ್ರೆ ನಮ್ಮನೇಲಿ ಬೀಸೂಕಲ್ಲೇ ಅದೆ," ಎಂದ ಒಬ್ಬ ತಂದೆ.

ಹೆಂಡತಿ ಅಂಗಲಾಚಿದರು: "ಚೀಜು ನಿಮ್ದೇ ಅಂತ ಒಂದು ಮಾತು ಹೇಳ್ಬಿಡಿ. ಯಾರು ಬೇಡ ಅಂತ್ರು?"

"ನನ್ನದಲ್ದೇ ಇದ್ದದ್ನ ನನ್ನದು ಅನ್ನೂಕೆ ಆಗೂದಿಲ್ಲ."

ಜಗಲಿ ಖಾಲಿಯಾಯಿತು. ಸತ್ಯವಂತನೊಬ್ಬನ ಕಥೆಯಾಗಿ ಇದನ್ನು ಇಲ್ಲಿಗೇ ಮುಗಿಸಬಹುದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆ ನಿಷಾದ ಅವರದೇ ಆಗಿದ್ದರೆ, ಅನ್ನ ಕಳೆದುಕೊಂಡು ಅವರು ಹಿಡಿದು ಕೂತದ್ದು ಸುಳ್ಳನ್ನು. ತಮ್ಮ ಸ್ವರವನ್ನು ಹಲಗೆಯ ಹಿಂದೆ ಬಚ್ಚಿಟ್ಟದ್ದು ನಾಚಿಕೆಗೋ, ಸೊಕ್ಕಿಗೋ? ಉಳಿದ ಒಬ್ಬನೇ ಶಿಷ್ಯನಾಗಿ ಪಾಠದ ನಡುವೆ, ಬೆಳಗಿನ ರಿಯಾಜಿನ ಅಭ್ಯಾಸದ ನಡುವೆ ಎಷ್ಟೋ ಸಲ ಕೆದಕಿದ್ದೆ.

ತೀರಿಕೊಳ್ಳುವ ಮೊದಲು ಅವರು ಹಾಸಿಗೆ ಹಿಡಿದಿದ್ದಾಗ ಕೊನೆಯ ಸಲ ಕೇಳಿದೆ: "ಆ ನಿಷಾದ ನಿಮ್ದೇ ಅಲ್ದಾ ಮಾಸ್ತರೇ?"

ಅವರ ಉತ್ತರವನ್ನು ನಾನು ತಿದ್ದಿಲ್ಲವೆಂದು ಆಣೆ ಇಡಲಾರೆ.

"ಇಷ್ಟು ವರ್ಷ ಕಲ್ಸಿದೆ. ನಿಂಗೆ ಸುರ ಹತ್ಲಿಲ್ಲ, ತಾಳ ಹತ್ಲಿಲ್ಲ. ಈ ಅನುಮಾನ ಒಂದು ಹತ್ತಿದೆ. ಬಿಡಬೇಡ ಮಾರಾಯ, ಅದ್ನೇ ರಿಯಾಜ್ ಮಾಡು."