ಅಷ್ಟಮಿಗೆ ಆರದ ದೀಪ

೨೦೦೩ನೇ ಇಸವಿ. ಅಲೆವೂರಿನ ಗುಡ್ಡದ ಮೇಲಿದ್ದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನಾಗ ಪ್ರಾಧ್ಯಾಪಕ. ವೈರ್‌ಲೆಸ್ ನೆಟ್‌ವರ್ಕಿಂಗ್ ನನ್ನ ವಿಷಯ. ಆ ವರ್ಷದ ಒಂದು ವೈವಾ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ.

ಶಶಿಕಲಾ ನನ್ನ ಎಂ.ಟೆಕ್. ವಿದ್ಯಾರ್ಥಿನಿ, ಕೆಮ್ಮಣ್ಣು ಎಂಬ ಊರಿನ ಮೀನುಗಾರ ಸಂಜೀವಣ್ಣನ ಮಗಳು. ಕಾಲೇಜಿನ ತಾರಸಿಯಿಂದ, ಕಡಲಿಗೆ ಹತ್ತಿರದ ಹೊಳೆದಂಡೆಯ ಅವಳ ಮನೆಗೆ ತಂತಿಯಿಲ್ಲದ ಸಂಪರ್ಕ ಕೊಟ್ಟು, ಅದು ಯಾವಾಗ ಕಡಿಯುತ್ತದೆ, ಏಕೆ ಕಡಿಯುತ್ತದೆ ಎಂದು ಕಂಡುಹಿಡಿಯುವುದು ಅವಳ ಪ್ರಾಜೆಕ್ಟ್. ಮನೆಯಲ್ಲಿಟ್ಟ ರೇಡಿಯೋ ಪೆಟ್ಟಿಗೆಯಲ್ಲಿ ಸಂಪರ್ಕ ಇದ್ದಷ್ಟು ಹೊತ್ತು ಹಸಿರು ದೀಪ ಉರಿಯುತ್ತದೆ. ಹಗಲಿಡೀ ಅವಳು ಕಾಲೇಜಿನಲ್ಲಿರುತ್ತಿದ್ದುದರಿಂದ ದೀಪ ನೋಡಿ ಬರೆದಿಡುವ ಕೆಲಸ ಅಪ್ಪನದಾಯಿತು. ಕಾರ್ಕಳದ ಒಂದು ಪಾಲಿಟೆಕ್ನಿಕ್‌ನಲ್ಲಿ ಅವಳಿಗೆ ಉಪನ್ಯಾಸಕಿಯ ಹುದ್ದೆ ಸಿದ್ಧವಾಗಿತ್ತು. ಜೂನ್ ಒಳಗೆ ಪಾಸಾದ ಪತ್ರ ಕೊಟ್ಟರೆ ಸಾಕಿತ್ತು.

ಮೇ ತಿಂಗಳಲ್ಲಿ ವೈವಾ. ವಿಭಾಗದ ಮುಖ್ಯಸ್ಥರು ದಾಖಲೆ ಪುಸ್ತಕ ತೆರೆದರು. ತಾರೀಕು ಇರಬೇಕಾದ ಕಡೆ ಬಿದಿಗೆ, ಏಕಾದಶಿ, ಹುಣ್ಣಿಮೆ!

"ಇದೆಂತ ಮಾರಾಯ್ತಿ, ಪ್ರಾಜೆಕ್ಟಾ ಪಂಚಾಂಗವಾ?"

ಕೋಣೆಯಿಡೀ ನಕ್ಕಿತು. ಆ ಪುಟಗಳನ್ನು ಓದದೆಯೇ ಸಹಿ ಹಾಕಿದ್ದ ನಾನೂ ನಕ್ಕೆ.

"ಅಪ್ಪ ಕಣ್ಣಾರೆ ನೋಡಿ ಬರೆದದ್ದು ಸರ್," ಎಂದಳು ಶಶಿಕಲಾ. "ಅವರದ್ದು ತಿಥಿಯ ಲೆಕ್ಕವೇ."

ದೀಪ ಆರಿದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದೆ ಹೋಗಿತ್ತು. ಯಂತ್ರ ಇಷ್ಟು ಶಿಸ್ತಾಗಿ ಕೆಡುವುದಿಲ್ಲ, ಇದು ಮನೆಯಲ್ಲಿ ಕುಳಿತು ಹೊಸೆದ ದಾಖಲೆ ಎಂದು ವೈವಾ ಕಮಿಟಿ ತೀರ್ಮಾನಿಸಿತು. ಶಶಿಕಲಾ ಫೇಲ್.

ಮರುದಿನ ಕೆಮ್ಮಣ್ಣಿಗೆ ಹೋದೆ. ನಿಜ ಹೇಳುತ್ತೇನೆ, ಸಂಜೀವಣ್ಣನನ್ನು ಬೈಯಲೆಂದೇ ಹೋದದ್ದು. ಅವರು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ತಾರೀಕು ಹಾಕಲು ನಿಮಗೇನು ಧಾಡಿ ಎಂದು ಕೇಳಿದೆ.

"ತಾರೀಕು ನೋಡಿ ನೀರು ಏರ್ತದಾ ಸರ್?" ಎಂದರು. "ಹುಣ್ಣಿಮೆ, ಅಮಾವಾಸ್ಯೆಗೆ ಹೊಳೆ ತುಂಬಿದಾಗ ದೀಪ ಹೋಗ್ತದೆ. ಅಷ್ಟಮಿಗೆ ನೀರು ಅಷ್ಟು ಏರುವುದಿಲ್ಲ, ದೀಪವೂ ಹೋಗುವುದಿಲ್ಲ. ಇದು ನಿಮಗೆ ಗೊತ್ತುಂಟಲ್ವಾ?"

ಆಗಲೇ ನನಗೆ ಹೊಳೆದದ್ದು. ಗುಡ್ಡದಿಂದ ಹೊರಟ ರೇಡಿಯೋ ಅಲೆ ನೇರವಾಗಿಯೂ ಬರುತ್ತದೆ, ಮನೆಯೆದುರಿನ ನೀರಿಗೆ ತಾಗಿ ಪುಟಿದೂ ಬರುತ್ತದೆ. ಉಬ್ಬರದಲ್ಲಿ ನೀರಿನ ಮಟ್ಟ ಏರಿದರೆ ಎರಡನೆಯದರ ದಾರಿಯ ಉದ್ದ ಬದಲಾಗಿ, ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಉಬ್ಬರ ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ. ಪುಸ್ತಕದ ಬದನೆಕಾಯಿ!

ಮುಖ್ಯಸ್ಥರ ಕೋಣೆಗೆ ನುಗ್ಗಿ ಎಲ್ಲ ವಿವರಿಸಿದೆ. ಅವರಿಗೆ ಅರ್ಥವಾಗದೆ ಇರಲಿಲ್ಲ.

"ಸರಿ ಇರಬಹುದು. ಆದರೆ ಈಗ ಬದಲಾಯಿಸಿದರೆ ಕಮಿಟಿಯ ಮರ್ಯಾದೆ ಎಂತ ಆಗ್ಬೇಕು?"

"ಆ ಹುಡುಗಿಯನ್ನು ಸುಳ್ಳಿ ಅಂದಿರಲ್ಲ, ಅವಳಿಗೆ ಮರ್ಯಾದೆ ಇಲ್ವಾ?" ಎಂದು ಕಿರುಚಿದೆ. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ವಿಶ್ವವಿದ್ಯಾಲಯಕ್ಕೆ ನಾನು ಮೂರು ಪತ್ರ ಬರೆದ ಮೇಲೆ ಆಗಸ್ಟ್‌ನಲ್ಲಿ ಮರುವೈವಾ ನಡೆದು ಅವಳು ಪಾಸಾದಳು. ಕಾರ್ಕಳದ ಹುದ್ದೆ ಜೂನ್‌ನಲ್ಲೇ ಬೇರೆಯವರ ಪಾಲಾಗಿತ್ತು.

ಪ್ರಬಂಧದ ಪ್ರತಿ ಕೊಡಲು ಬಂದಳು. ತಿಥಿಗಳ ಪಕ್ಕದಲ್ಲಿ ತಾರೀಕು ಸೇರಿಸಿದ್ದಳು, ತಿಥಿಯನ್ನು ಅಳಿಸಿರಲಿಲ್ಲ. ನಾನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಕೇಳಿದಳು:

"ಅವರು ನಗಲಿ ಸರ್, ಅವರಿಗೆ ನಾನು ಯಾರು? ನೀವು ಎಂತಕ್ಕೆ ನಕ್ಕದ್ದು?"

ಆಮೇಲೆ ನಿವೃತ್ತಿಯವರೆಗೂ ಯಾವ ವೈವಾದಲ್ಲೂ ನಾನು ನಗಲಿಲ್ಲ. ಅರ್ಥವಾಗದ್ದು ಕಂಡಾಗ, ಇದನ್ನು ಬರೆದವರು ಯಾರು, ಅವರನ್ನು ಕರೆಸಿ ಎನ್ನುತ್ತಿದ್ದೆ.